ಸಂಶೋಧನೆಯ ಕಾಯಕಕ್ಕೆ ಮನೆಯೇ ಮೊದಲ ಆಸರೆ

ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ನಿಂತು ನೋಡಿದರೆ ತುಂಗಭದ್ರೆಯ ಆಚೆ ದಡದಲ್ಲಿ ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರ ಕಣ್ಣೆದುರಿಗೇ ಕಾಣುತ್ತದೆ. ಅದರಿಂದಾಚೆ, ಕಮಲಾಪುರದ ಬಳಿ, 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರಣ್ಯ ಆವರಣವಿದೆ. ದೃಷ್ಟಿಗೆ ಇಷ್ಟು ಸಮೀಪವಾದ ಆ ದಡಕ್ಕೆ ಹೊಳೆ ಇಳಿದಿರುವಾಗ ದೋಣಿಯಲ್ಲಿ ಕೆಲವೇ ನಿಮಿಷಗಳ ಪಯಣ. ಆದರೆ ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿಗಳು ನಿಲ್ಲುತ್ತವೆ. ಆನೆಗೊಂದಿಯ ಮಾರ್ಗವಾಗಿ ಸುತ್ತಿ ಕಡೇಬಾಗಿಲು ಸೇತುವೆಯ ಮೇಲೆ ಹೊಳೆ ದಾಟಬೇಕಾಗುತ್ತದೆ. ಗುರಿ ಕಣ್ಣಿಗೆ ಕಾಣುತ್ತಿದ್ದರೂ ದಾರಿ ದೂರವಾಗುವ ಈ ಅನುಭವ ನಮ್ಮ ಸಮಾಜದ ಇನ್ನೊಂದು ಬಗೆಯ ಪಯಣಿಗರಿಗೂ ಉಂಟು. ಪಿಎಚ್.ಡಿ. ಪದವಿಗಾಗಿ ಸಂಶೋಧನೆಯಲ್ಲಿ ತೊಡಗಿರುವ ನಮ್ಮ ಮಕ್ಕಳೇ ಅವರು.

ಈ ಗಡ್ಡೆಯ ಒಂದು ಮನೆಯನ್ನು ನಾವು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ತಂದೆ ಪ್ರವಾಸಿಗರಿಗೆ ಕೊಠಡಿಗಳನ್ನು ಬಾಡಿಗೆಗೆ ಕೊಟ್ಟು, ಜೊತೆಗೆ ಒಂದಿಷ್ಟು ಭತ್ತದ ಗದ್ದೆ ನೋಡಿಕೊಂಡು ಸಂಸಾರ ಸಾಗಿಸಿದವರು. 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು ಮಾರ್ಚಿಯಲ್ಲಿ ಇಲ್ಲಿಯ ವಸತಿಗೃಹಗಳು ತೆರವಾದವು. ಉಳಿದದ್ದು ಗದ್ದೆಯೊಂದೇ. ಮಗಳು ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿ ನಾಲ್ಕನೆಯ ವರ್ಷ ನಡೆಯುತ್ತಿದೆ. ತಮ್ಮ ಡಿಪ್ಲೊಮಾ ಮುಗಿಸಿ ಸಂಬಳ ತರುತ್ತಿದ್ದಾನೆ. ಗವಿಮಠದ ಜಾತ್ರೆಯಲ್ಲಿ ಸಿಕ್ಕ ಸೋದರಮಾವ, ಮದುವೆಮನೆಯಲ್ಲಿ ಕಂಡ ದೊಡ್ಡವ್ವ, ಬಾಗಿಲಿಗೆ ಬಂದ ನೆರೆಯವರು, ಎಲ್ಲರದೂ ಒಂದೇ ಪ್ರಶ್ನೆ: “ಇನ್ನೂ ಓದು ಮುಗಿದಿಲ್ಲೇನವ್ವಾ?” ಕೇಳಿದವರಲ್ಲಿ ದ್ವೇಷವಿಲ್ಲ, ಅಕ್ಕರೆಯೇ ಇದೆ. ಆದರೂ ಆ ಪ್ರಶ್ನೆ ಕೇಳಿಸಿಕೊಂಡ ಹುಡುಗಿ ಮುಂದಿನ ಜಾತ್ರೆಗೆ ಹೋಗಲು ಹಿಂಜರಿಯುತ್ತಾಳೆ.

ಇಂಥ ಮನೆಗಳು ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿಯೂ ಉಂಟು, ನಾಡಿನಾದ್ಯಂತವೂ ಉಂಟು. ಮೊದಲ ತಲೆಮಾರಿನಲ್ಲಿ ಪದವಿಯವರೆಗೆ ಓದಿದ ಮನೆಗಳಿಗೆ ಪಿಎಚ್.ಡಿ. ಎಂದರೆ ಏನು, ಅದಕ್ಕೆ ಏಕೆ ಇಷ್ಟು ಕಾಲ ಬೇಕು, ಮುಗಿದ ಮೇಲೆ ಏನು ದೊರೆಯುತ್ತದೆ ಎಂಬುದರ ಅರಿವು ಇರುವುದಿಲ್ಲ. ಇದು ಆ ಹಿರಿಯರ ತಪ್ಪಲ್ಲ. ಅವರಿಗೆ ಹೇಳುವವರೇ ಇರಲಿಲ್ಲ. ಸಂಶೋಧನಾರ್ಥಿಗಳಿಗೂ ಅವರನ್ನು ಪೋಷಿಸುವ ಮನೆಗಳಿಗೂ ಉಪಯುಕ್ತವಾಗುವ ಕೆಲವು ಸಂಗತಿಗಳನ್ನು ಒಂದೆಡೆ ಹೇಳುವುದು ಈ ಲೇಖನದ ಉದ್ದೇಶ.

ಹಿರಿಯರು ತುಳಿದ ದಾರಿ

ಸಂಶೋಧನೆ ನಮ್ಮ ಸಮಾಜಕ್ಕೆ ಹೊಸದಲ್ಲ. ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಕೀಲರಾಗಿ ವಿಜಯಪುರದಲ್ಲಿ ನೆಲೆಸಿದರು. ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಹುಡುಕಿ, ಪ್ರತಿಮಾಡಿ, ಪರಿಷ್ಕರಿಸಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅನಂತರ ಸ್ವಂತ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಈ ಕಾರ್ಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದ ಸಂಗತಿ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1956ರಲ್ಲಿ. ಮೊದಲ ಗ್ರಂಥ ಪ್ರಕಟವಾದ 33 ವರ್ಷಗಳ ಮೇಲೆ! ಹೆಸರಿನ ಹಿಂದೆ ‘ಡಾ.’ ಎಂಬ ಅಕ್ಷರ ಬರುವ ಮುನ್ನವೇ ಅವರ ಸಂಶೋಧನೆಯ ಬಹುಪಾಲು ಮುಗಿದಿತ್ತು ಎಂಬುದನ್ನು ನಾವು ಗಮನಿಸಬೇಕು.

ವಿಶ್ವವಿದ್ಯಾಲಯದ ಪದವಿಯ ಮಾರ್ಗದಲ್ಲಿ ನಡೆದವರೂ ನಮ್ಮಲ್ಲಿದ್ದಾರೆ. ಎಸ್.ಸಿ. ನಂದಿಮಠರು ಲಂಡನ್ನಿಗೆ ಹೋಗಿ ಡಾಕ್ಟರೇಟ್ ಪಡೆದರು. ವೀರಶೈವವನ್ನು ಇಂಗ್ಲಿಷಿನಲ್ಲಿ ಪರಿಚಯಿಸುವ ಅವರ ಕೈಪಿಡಿ 1942ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೈಸೂರು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮಹಾಪ್ರಬಂಧ. 1966ರಲ್ಲಿ ಗ್ರಂಥವಾಗಿ ಬಂದ ಅದನ್ನು ಇಂದಿನ ವಿದ್ಯಾರ್ಥಿಗಳೂ ಕೈಯಲ್ಲಿ ಹಿಡಿಯುತ್ತಾರೆ. ಎಂ.ಎಂ. ಕಲಬುರ್ಗಿಯವರ ಪಿಎಚ್.ಡಿ. ವಿಷಯ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ಹಳ್ಳಿಯ ಮನೆಯಿಂದ ಬಂದ ಅವರು ಮುಂದೆ ಇದೇ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಈ ಹಿರಿಯರ ಹಿಂದೆ ಒಂದು ವ್ಯವಸ್ಥೆಯೂ ಇತ್ತು. 1883ರಲ್ಲಿಯೇ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರು ಕೆ.ಎಲ್.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. ಮಠಗಳು ಪ್ರಸಾದ ನಿಲಯ ತೆರೆದು ಹಸಿದ ಹೊಟ್ಟೆಗೆ ಅನ್ನವಿಟ್ಟು ಓದಿಸಿದವು. ಕೊಪ್ಪಳದ ಗವಿಮಠವಂತೂ ಸಹಸ್ರಾರು ಮಕ್ಕಳ ಪಾಲಿಗೆ ತವರಾಗಿದೆ. ಒಬ್ಬರ ವಿದ್ಯೆಯ ಹಿಂದೆ ಹಲವರ ದಾಸೋಹವಿತ್ತು. ಆದರೆ ಆ ದಾಸೋಹ ಬಹುಮಟ್ಟಿಗೆ ಪದವಿ ತರಗತಿಯವರೆಗೆ ಬಂದು ನಿಂತಿದೆ. ಅದರ ಮೇಲಕ್ಕೆ ಹೋದವನು ತನ್ನ ದಾರಿ ತಾನೇ ನೋಡಿಕೊಳ್ಳುತ್ತಾನೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಒಂಟಿತನ ಆರಂಭವಾಗುವುದೇ ಅಲ್ಲಿಂದ.

ಕಾಲದ ಲೆಕ್ಕ ಮನೆಗೂ ಗೊತ್ತಿರಲಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ ಪಿಎಚ್.ಡಿ.ಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ ಅವಧಿ 6 ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೂ ಶೇಕಡಾ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಮತ್ತೆರಡು ವರ್ಷಗಳ ಅವಕಾಶವಿದೆ. ಆದ್ದರಿಂದ ನಾಲ್ಕನೆಯ ವರ್ಷದಲ್ಲಿರುವ ಮಗಳು ಹಿಂದೆ ಬಿದ್ದವಳಲ್ಲ, ಹಾದಿಯ ನಡುವೆ ಇರುವವಳು ಎಂಬುದನ್ನು ಮನೆಯವರು ಮೊದಲು ತಿಳಿಯಬೇಕು.

ಈ ವರ್ಷಗಳು ಹೇಗೆ ಕಳೆಯುತ್ತವೆ? ಮೊದಲಿಗೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಮತ್ತು ಅದರ ಪರೀಕ್ಷೆ. ಬಳಿಕ ವಿಷಯದ ರೂಪುರೇಷೆ, ಗ್ರಂಥಾಲಯದ ಓದು, ಕ್ಷೇತ್ರಕಾರ್ಯ ಅಥವಾ ಪ್ರಯೋಗಾಲಯದ ಕೆಲಸ. ಪ್ರತಿ ಸೆಮಿಸ್ಟರಿನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ. ಕೊನೆಗೆ ಮಹಾಪ್ರಬಂಧದ ಬರವಣಿಗೆ, ಹೊರಗಿನ ಇಬ್ಬರು ಪರೀಕ್ಷಕರಾದರೂ ಮಾಡುವ ಮೌಲ್ಯಮಾಪನ ಮತ್ತು ಬಹಿರಂಗ ಮೌಖಿಕ ಪರೀಕ್ಷೆ. ಹೊರನೋಟಕ್ಕೆ ‘ಸುಮ್ಮನೆ ಕುಳಿತಂತೆ’ ಕಾಣುವ ದಿನಗಳಲ್ಲಿಯೇ ಎಷ್ಟೋ ಕೆಲಸ ನಡೆಯುತ್ತಿರುತ್ತದೆ. ಬೀಜ ಬಿತ್ತಿದ ರೈತ ಮಣ್ಣು ಕೆದಕಿ ಮೊಳಕೆ ಬಂತೇ ಎಂದು ದಿನವೂ ನೋಡುವುದಿಲ್ಲ. ಹಾಗೆಂದು ಹೊಲಕ್ಕೆ ಹೋಗುವುದನ್ನು ಬಿಡುವುದೂ ಇಲ್ಲ.

ಸಂಶೋಧನಾರ್ಥಿಗಳಿಗೆ ನಾವು ಹೇಳುವ ಮಾತೊಂದಿದೆ. ವರ್ಷಕ್ಕೆ ಎರಡು ಸಲ, ಸಲಹಾ ಸಮಿತಿಗೆ ವರದಿ ಕೊಟ್ಟ ವಾರವೇ, ತಂದೆತಾಯಿಗಳ ಮುಂದೆ ಕುಳಿತು ಅದೇ ವರದಿಯನ್ನು ಮನೆಮಾತಿನಲ್ಲಿ ಹೇಳಿರಿ. ಏನು ಮುಗಿಯಿತು, ಏನು ಉಳಿಯಿತು, ಮುಂದಿನ ಆರು ತಿಂಗಳಿಗೆ ಎಷ್ಟು ಹಣ ಬೇಕು ಎಂಬ ಮೂರು ಮಾತು ಸಾಕು. ಅಕ್ಷರ ಬಾರದ ಅವ್ವನಿಗೆ ನಿಮ್ಮ ವಿಷಯವನ್ನು ವಿವರಿಸಲು ಸಾಧ್ಯವಾದರೆ, ಅದು ನಿಮಗೆ ಸ್ಪಷ್ಟವಾಗಿದೆ ಎಂದೇ ಅರ್ಥ. ಅನುಭವ ಮಂಟಪದಲ್ಲಿ ಬೇರೆ ಬೇರೆ ಕಾಯಕದ ಶರಣರು ಒಟ್ಟಿಗೆ ಕುಳಿತು ಗಹನ ವಿಚಾರಗಳನ್ನು ತಿಳಿಗನ್ನಡದಲ್ಲಿ ಚರ್ಚಿಸಿದ ಪರಂಪರೆ ನಮ್ಮದು. ಆ ಪರಂಪರೆಗೆ ಇದು ಹೊರತಲ್ಲ.

ವಿಷಯವೂ ಮಾರ್ಗದರ್ಶಕರೂ

ವಿಷಯದ ಆಯ್ಕೆಯಲ್ಲಿ ಎಡವಿದರೆ ಮುಂದಿನ ವರ್ಷಗಳೆಲ್ಲ ಭಾರವಾಗುತ್ತವೆ. ಯಾರೋ ಸೂಚಿಸಿದರೆಂದೋ, ಸುಲಭವಾಗಿ ಮುಗಿಯುತ್ತದೆಂದೋ ವಿಷಯ ಹಿಡಿಯಬಾರದು. ಈಗಾಗಲೇ ಏನೇನು ಕೆಲಸ ನಡೆದಿದೆ ಎಂಬುದನ್ನು ಮೊದಲು ನೋಡಬೇಕು. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಸಂಗ್ರಹಿಸಿಡುವ ‘ಶೋಧಗಂಗಾ’ ಎಂಬ ಭಂಡಾರವನ್ನು ಮೊಬೈಲಿನಲ್ಲಿಯೇ ಉಚಿತವಾಗಿ ನೋಡಬಹುದು. ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕಾರು ಪ್ರಬಂಧಗಳನ್ನು ಓದಿದರೆ ಒಳ್ಳೆಯದು ಯಾವುದು, ಬರಿಯ ಪುಟ ತುಂಬಿಸಿದ್ದು ಯಾವುದು ಎಂಬ ವಿವೇಕ ತಾನಾಗಿ ಬರುತ್ತದೆ.

ನಮ್ಮ ಕಾಲ ಬುಡದ ನೆಲವೇ ಎಷ್ಟು ಸಂಪನ್ನವಾಗಿದೆ! ಕವಿರಾಜಮಾರ್ಗವು ತಿರುಳ್ಗನ್ನಡದ ನೆಲವನ್ನು ಹೇಳುವಾಗ ಕೊಪಣವನ್ನು ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಇಲ್ಲಿಯ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಕುಕನೂರಿನ ನವಲಿಂಗ ದೇವಾಲಯಗಳು, 1112ರಲ್ಲಿ ನಿರ್ಮಾಣಗೊಂಡ ಇಟಗಿಯ ಮಹಾದೇವ ದೇವಾಲಯ, ಕಿನ್ನಾಳದ ಬಣ್ಣದ ಬೊಂಬೆಗಳು, ಗಂಗಾವತಿಯ ಭತ್ತದ ಬೇಸಾಯ ಮತ್ತು ಕಾಲುವೆಯ ಕೊನೆಯ ಹಳ್ಳಿಗಳ ನೀರಿನ ಪಾಡು, ಇವೆಲ್ಲವೂ ಇತಿಹಾಸ, ಕಲೆ, ಕೃಷಿ, ಅರ್ಥಶಾಸ್ತ್ರಗಳ ವಿಷಯಗಳೇ. ವಿರೂಪಾಪುರಗಡ್ಡೆಯ ಬದುಕು 2020ರ ಬಳಿಕ ಹೇಗೆ ಬದಲಾಯಿತು, ಪರಂಪರೆಯ ರಕ್ಷಣೆಯನ್ನೂ ಜನರ ಜೀವನೋಪಾಯವನ್ನೂ ಒಟ್ಟಿಗೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆಗೆ ಇಲ್ಲಿಯ ಮನೆಯ ಮಗಳಿಗಿಂತ ಶ್ರದ್ಧೆಯಿಂದ ಉತ್ತರ ಹುಡುಕುವವರು ಯಾರು? ಊರಿನ ವಿಷಯವೆಂದರೆ ಸಣ್ಣ ವಿಷಯವೆಂದು ತಿಳಿಯಬಾರದು. ಆದರೆ ತನ್ನ ಮನೆಯವರ ಕಷ್ಟವೂ ಅದರಲ್ಲಿ ಇರುವಾಗ ಎದುರು ಪಕ್ಷದ ಮಾತನ್ನು ಎರಡು ಪಟ್ಟು ಎಚ್ಚರದಿಂದ ಕೇಳಬೇಕು. ಅದು ಸಂಶೋಧಕರ ಧರ್ಮ.

ಮಾರ್ಗದರ್ಶಕರು ಗುರುಸ್ಥಾನದಲ್ಲಿರುವವರು. ಆ ಗೌರವಕ್ಕೆ ಕುಂದು ಬಾರದಂತೆ ಕೆಲವನ್ನು ಮೊದಲೇ ವಿಚಾರಿಸುವುದು ತಪ್ಪಲ್ಲ. ನಿಯಮದಂತೆ ಪ್ರಾಧ್ಯಾಪಕರು ಏಕಕಾಲದಲ್ಲಿ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸೇವೆಯುಳ್ಳವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅವರ ಬಳಿ ಹಿಂದೆ ಕೆಲಸ ಮಾಡಿದವರನ್ನು ಕಂಡು, ಬರೆದ ಅಧ್ಯಾಯವನ್ನು ಎಷ್ಟು ದಿನದಲ್ಲಿ ನೋಡಿಕೊಡುತ್ತಾರೆ, ಎಷ್ಟು ಜನ ಮುಗಿಸಿದ್ದಾರೆ ಎಂದು ಕೇಳಿರಿ. ಸೇರಿದ ಮೇಲೆ ಪ್ರತಿ ಭೇಟಿಯ ದಿನಾಂಕವನ್ನೂ ಅವರು ಹೇಳಿದ ಸೂಚನೆಯನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಗುರುಸೇವೆಯೆಂದರೆ ವಿನಯ, ಶ್ರಮ, ಸತ್ಯ. ಮನೆಗೆಲಸ ಮಾಡುವುದಾಗಲಿ ಕಾಣಿಕೆ ಕೊಡುವುದಾಗಲಿ ಅಲ್ಲ. ಅಂಥ ಬೇಡಿಕೆ ಎಲ್ಲಿಂದಲಾದರೂ ಬಂದರೆ ಮನೆಯಲ್ಲಿ ಹೇಳಿರಿ, ಸಲಹಾ ಸಮಿತಿಗೆ ತಿಳಿಸಿರಿ. ಹೇಳಿಕೊಂಡಾಗ ‘ಹೊಂದಿಕೊಂಡು ಹೋಗು’ ಎಂದು ಬಾಯಿ ಮುಚ್ಚಿಸುವ ತಂದೆತಾಯಿ ನಾವಾಗಬಾರದು.

ಹಣದ ಮಾತು

ಹಣದ ವಿಷಯವನ್ನು ಸಂಕೋಚವಿಲ್ಲದೆ ಮಾತನಾಡಬೇಕು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ಅನ್ವಯವಾಗುವಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಶಿಷ್ಯವೇತನ ನಿಗದಿಯಾಯಿತು. ಜೆ.ಆರ್.ಎಫ್.ಗೆ ಸಾಮಾನ್ಯ ವಯೋಮಿತಿ 30 ವರ್ಷ. ಮಹಿಳೆಯರಿಗೂ, ಕೇಂದ್ರದ ಪಟ್ಟಿಯ ಹಿಂದುಳಿದ ವರ್ಗದವರು ಮೊದಲಾದವರಿಗೂ 5 ವರ್ಷಗಳ ಸಡಿಲಿಕೆಯಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಜ್ಯದಲ್ಲಿ ನಾವು 3ಬಿ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿಯೂ ನಮ್ಮ ಒಳಪಂಗಡದ ಹೆಸರು ಇದ್ದೇ ಇರುತ್ತದೆಂದು ಭಾವಿಸಬಾರದು. ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ, ಸರಿಯಾದ ಪ್ರಮಾಣಪತ್ರವನ್ನು ಅರ್ಜಿಯ ಕಾಲಕ್ಕೆ ಮೊದಲೇ ಪಡೆದಿರಬೇಕು.

ಜೆ.ಆರ್.ಎಫ್. ಎಲ್ಲರಿಗೂ ಸಿಗುವುದಿಲ್ಲ. ವಿಶ್ವವಿದ್ಯಾಲಯದ ಶಿಷ್ಯವೇತನ, ರಾಜ್ಯ ಸರಕಾರದ ಇಲಾಖೆಗಳ ನೆರವು, ಸಮಾಜವಿಜ್ಞಾನ ಮತ್ತು ಇತಿಹಾಸ ಸಂಶೋಧನಾ ಪರಿಷತ್ತುಗಳ ಫೆಲೋಶಿಪ್ ಇವುಗಳಿಗೂ ಅರ್ಜಿ ಹಾಕಬೇಕು. ಮಂಜೂರಾದ ಹಣವೂ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಕೈಗೆ ಬರುತ್ತದೆ. ಆದ್ದರಿಂದ ಶಿಷ್ಯವೇತನವನ್ನು ನಂಬಿ ಸಾಲದ ಕಂತು ಕಟ್ಟಿಕೊಳ್ಳಬೇಡಿರಿ. ಬಂದ ಹಣದಲ್ಲಿ ಆರು ತಿಂಗಳ ಊಟ ಮತ್ತು ಬಾಡಿಗೆಯಷ್ಟನ್ನು ಪ್ರತ್ಯೇಕವಾಗಿ ತೆಗೆದಿಡಿರಿ. ನಮ್ಮ ಕಲ್ಪನೆಯ ಮನೆಯಲ್ಲಿ ತಮ್ಮನ ಸಂಬಳದ ಒಂದು ಪಾಲು ಅಕ್ಕನ ಓದಿಗೆ ಹೋಗುತ್ತಿದ್ದರೆ ಅದನ್ನು ಮರೆಮಾಚದೆ ಲೆಕ್ಕದಲ್ಲಿ ಬರೆದಿಡಬೇಕು. ಲೆಕ್ಕವಿರುವಲ್ಲಿ ಮನಸ್ತಾಪಕ್ಕೆ ಎಡೆ ಕಡಿಮೆ.

ಹಣ ಕೊಟ್ಟರೆ ಮಹಾಪ್ರಬಂಧ ಬರೆದುಕೊಡುತ್ತೇವೆ, ಲೇಖನ ಅಚ್ಚು ಹಾಕಿಸುತ್ತೇವೆ ಎನ್ನುವವರೂ ಇದ್ದಾರೆ. ಅವರ ಮನೆಯ ಮೆಟ್ಟಿಲು ಹತ್ತಬಾರದು. 2018ರ ನಿಯಮಗಳ ಪ್ರಕಾರ ಮಹಾಪ್ರಬಂಧದಲ್ಲಿ ಇತರರ ಬರಹದೊಡನೆ ಸಾಮ್ಯ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇಕಡಾ 40ರವರೆಗೆ ಇದ್ದರೆ ತಿದ್ದಿ ಸಲ್ಲಿಸಬೇಕು. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಪ್ರಬಂಧ ಸಲ್ಲಿಸಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು 2022ರ ನಿಯಮಾವಳಿ ಕೈಬಿಟ್ಟಿದೆ. ಹೀಗಿರುವಾಗ ಹೆಸರು ಕೇಳದ ಪತ್ರಿಕೆಗೆ ಸಾವಿರಾರು ರೂಪಾಯಿ ತೆತ್ತು ಅಚ್ಚು ಹಾಕಿಸುವುದರಲ್ಲಿ ಹುರುಳಿಲ್ಲ. ಕಾಯಕವೆಂದರೆ ಸ್ವಂತ ದುಡಿಮೆ. ಪರರ ದುಡಿಮೆಗೆ ತನ್ನ ಹೆಸರು ಹಚ್ಚುವುದು ಕಾಯಕವಾಗಲಾರದು.

ಹೆಣ್ಣುಮಕ್ಕಳ ಓದು, ಮದುವೆಯ ಮಾತು

ನಾಲ್ಕನೆಯ ವರ್ಷದಲ್ಲಿರುವ ಮಗಳಿಗೆ ವರ ಗೊತ್ತಾಗುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮದುವೆಯ ಬಳಿಕ ಎಷ್ಟೋ ಪ್ರಬಂಧಗಳು ಟ್ರಂಕಿನ ತಳ ಸೇರುತ್ತವೆ. ಹೀಗಾಗಬೇಕಿಲ್ಲ. ಮಹಿಳಾ ಸಂಶೋಧನಾರ್ಥಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆ ದೊರೆಯುತ್ತದೆ. ಮದುವೆ ಮೊದಲಾದ ಕಾರಣದಿಂದ ಬೇರೆ ಊರಿಗೆ ಹೋಗಬೇಕಾದರೆ ಇತರ ನಿಬಂಧನೆಗಳಿಗೆ ಒಳಪಟ್ಟು ಅಲ್ಲಿಯ ವಿಶ್ವವಿದ್ಯಾಲಯಕ್ಕೆ ತನ್ನ ಸಂಶೋಧನೆಯನ್ನು ವರ್ಗಾಯಿಸಿಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ.

ಸಂಬಂಧದ ಮಾತುಕತೆಗೆ ಕುಳಿತಾಗ ಬಂಗಾರ, ಬಟ್ಟೆ, ಕಲ್ಯಾಣಮಂಟಪಗಳ ಮಾತು ಬರುವಂತೆಯೇ ‘ಪ್ರಬಂಧ ಮುಗಿಯಲು ಇನ್ನೆಷ್ಟು ತಿಂಗಳು ಬೇಕು, ಅಷ್ಟು ದಿನ ಆಕೆ ಎಲ್ಲಿದ್ದು ಬರೆಯುತ್ತಾಳೆ, ಕ್ಷೇತ್ರಕಾರ್ಯಕ್ಕೆ ಜೊತೆಗೆ ಯಾರು ಹೋಗುತ್ತಾರೆ’ ಎಂಬ ಮಾತೂ ಬರಲಿ. ಇದನ್ನು ಹುಡುಗಿ ತಾನೇ ಎತ್ತಬೇಕಾದ ಮುಜುಗರ ಬೇಡ. ತಂದೆ ಎತ್ತಲಿ, ಸೋದರಮಾವ ಎತ್ತಲಿ. ಸ್ತ್ರೀಯರು ಪುರುಷರ ಸಮಕ್ಕೆ ಕುಳಿತು ಅನುಭಾವ ಹೇಳಿದ ಧರ್ಮದಲ್ಲಿ ಹುಟ್ಟಿದವರಿಗೆ ಈ ಮಾತು ಹೊಸದೆನಿಸಬಾರದು.

ಮನಸ್ಸಿನ ಆರೋಗ್ಯ

ಸಂಶೋಧನೆ ಒಂಟಿ ಕೆಲಸ. ಸಹಪಾಠಿಗಳಿಲ್ಲ, ತರಗತಿಯಿಲ್ಲ, ತಿಂಗಳ ಕೊನೆಗೆ ಅಂಕಪಟ್ಟಿಯಿಲ್ಲ. ಒಂದು ಅಧ್ಯಾಯ ಮೂರು ಸಲ ಹಿಂದಿರುಗಿ ಬಂದಾಗ, ಜೊತೆಯವರೆಲ್ಲ ನೌಕರಿ ಹಿಡಿದಾಗ, ತಾನು ಅಯೋಗ್ಯನೆಂಬ ಭಾವನೆ ಮನಸ್ಸನ್ನು ಕವಿಯಬಹುದು. ನಿದ್ರೆ ಕೆಡುವುದು, ಊಟ ಸೇರದಿರುವುದು, ಮಾರ್ಗದರ್ಶಕರ ಕರೆ ಬಂದರೂ ಎತ್ತದಿರುವುದು, ಪುಸ್ತಕ ತೆರೆಯಲು ಅಂಜುವುದು, ಬದುಕೇ ಬೇಡವೆಂಬ ಮಾತು ಆಡುವುದು, ಇವನ್ನು ಸೋಮಾರಿತನವೆಂದು ಜರಿಯಬಾರದು. ಪಕ್ಕದಲ್ಲಿ ಕುಳಿತು ಕೇಳಬೇಕು, ವೈದ್ಯರ ಬಳಿ ಕರೆದೊಯ್ಯಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಒಂದು ವೇಳೆ ಮಗ ಅಥವಾ ಮಗಳು ಚೆನ್ನಾಗಿ ಯೋಚಿಸಿ ಈ ಓದನ್ನು ನಿಲ್ಲಿಸುತ್ತೇನೆಂದರೆ, ಅದೂ ಮಾನಭಂಗವಲ್ಲ. ಪದವಿಗಿಂತ ಮಕ್ಕಳು ದೊಡ್ಡವರು.

ಪದವಿಯ ನಂತರ

ಪಿಎಚ್.ಡಿ. ಆದೊಡನೆ ಕಾಲೇಜಿನ ನೌಕರಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ನಿಜವಲ್ಲ. 2023ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆಯಾಯಿತು, ಪಿಎಚ್.ಡಿ. ಐಚ್ಛಿಕವಾಯಿತು. ಆದ್ದರಿಂದ ಪ್ರಬಂಧದ ಮೊದಲ ಎರಡು ವರ್ಷಗಳಲ್ಲಿಯೇ ನೆಟ್ ಅಥವಾ ಕೆ-ಸೆಟ್ ಮುಗಿಸಿಕೊಳ್ಳುವುದು ಜಾಣತನ. ನೇಮಕಾತಿಯ ಪ್ರಕಟಣೆ ಬಂದಾಗಲೆಲ್ಲ ಅದರಲ್ಲಿರುವ ಅರ್ಹತೆಯನ್ನು ಅಕ್ಷರ ಬಿಡದೆ ಓದಬೇಕು. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಕೊಪ್ಪಳ ಜಿಲ್ಲೆಯವರಿಗೂ ಅನ್ವಯಿಸುತ್ತದೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಂಡಿರಬೇಕು.

ಖಾಯಂ ಹುದ್ದೆಗಳ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾದೀತು. ಆ ನಡುವೆ ಅತಿಥಿ ಉಪನ್ಯಾಸಕರಾಗಿ ದುಡಿಯುವುದು ಅನುಭವಕ್ಕೆ ಒಳ್ಳೆಯದು. ಆದರೆ ಇಷ್ಟು ವರ್ಷ, ಇಂಥ ವಯಸ್ಸಿನವರೆಗೆ ಎಂಬ ಮಿತಿಯನ್ನು ತಾವೇ ಹಾಕಿಕೊಳ್ಳದಿದ್ದರೆ ಯೌವನ ಅದರಲ್ಲಿಯೇ ಸವೆಯುತ್ತದೆ. ಸಂಶೋಧನೆ ಕಲಿಸುವ ವಿದ್ಯೆಗೆ ಬೇರೆ ಬಾಗಿಲುಗಳೂ ಇವೆ. ಪ್ರಾಚ್ಯವಸ್ತು ಇಲಾಖೆ, ವಸ್ತುಸಂಗ್ರಹಾಲಯ, ಪತ್ರಾಗಾರ, ಅನುವಾದ, ಗ್ರಂಥ ಸಂಪಾದನೆ, ಪತ್ರಿಕೋದ್ಯಮ, ಪದವಿಪೂರ್ವ ಕಾಲೇಜು, ಆಡಳಿತ ಸೇವೆಯ ಪರೀಕ್ಷೆಗಳು, ವಿಜ್ಞಾನದವರಿಗೆ ಬೀಜ, ಔಷಧ, ಆಹಾರ ಪರೀಕ್ಷೆಯ ಉದ್ಯಮಗಳು, ಹೀಗೆ. ಮೂರನೆಯ ವರ್ಷದಲ್ಲಿಯೇ ಇವುಗಳಲ್ಲಿ ಒಂದೆರಡು ದಾರಿಗಳನ್ನು ಗುರುತಿಸಿಕೊಂಡು, ಅವುಗಳಲ್ಲಿರುವವರನ್ನು ಕಂಡು ಮಾತನಾಡಿರಿ. ಈಗಾಗಲೇ ನೌಕರಿಯಲ್ಲಿರುವವರು ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಪಡೆದು ಅರೆಕಾಲಿಕವಾಗಿಯೂ ಪಿಎಚ್.ಡಿ. ಮಾಡಬಹುದು. ಮನೆಯ ಹೊಣೆ ಹೊತ್ತವರಿಗೆ ಅದೇ ಎಷ್ಟೋ ಸಲ ಸರಿಯಾದ ದಾರಿ.

ಸಮಾಜ ಏನು ಮಾಡಬಹುದು?

ಇದಕ್ಕೆ ದೊಡ್ಡ ನಿಧಿಯೇ ಬೇಕೆಂದಿಲ್ಲ. ಊರಿನ ಮಠದಲ್ಲಿ, ಬಸವ ಮಂಟಪದಲ್ಲಿ ಒಂದು ಶಾಂತ ಕೋಣೆ, ಒಂದು ಮೇಜು, ಒಂದು ದೀಪ, ರಾತ್ರಿ ಹತ್ತರವರೆಗೆ ತೆರೆದ ಬಾಗಿಲು, ಇಷ್ಟಿದ್ದರೆ ಒಂದು ಪ್ರಬಂಧ ಮುಗಿದೀತು. ಬೇರೆ ಊರಿನಿಂದ ಕ್ಷೇತ್ರಕಾರ್ಯಕ್ಕೆ ಬಂದ ಸಂಶೋಧನಾರ್ಥಿಗೆ ನಾಲ್ಕು ದಿನ ಊಟ ಮತ್ತು ವಸತಿ ಕೊಡುವುದು ಸಾರ್ಥಕ ದಾಸೋಹ. ನಿವೃತ್ತ ಪ್ರಾಧ್ಯಾಪಕರು ತಿಂಗಳಿಗೊಂದು ಭಾನುವಾರ ಕುಳಿತು ನಮ್ಮ ಮಕ್ಕಳ ಅಧ್ಯಾಯಗಳನ್ನು ಓದಿ ತಿದ್ದಿಕೊಟ್ಟರೆ ಅದರ ಬೆಲೆ ಹಣದಿಂದ ಅಳೆಯಲಾಗದು. ಹಳೆಯ ಮನೆಗಳಲ್ಲಿ ತಾಡೋಲೆ, ಕಡತ, ಬಿನ್ನವತ್ತಳೆ, ಹಳೆಯ ಪತ್ರಗಳು ಇದ್ದರೆ ಗೆದ್ದಲಿಗೆ ಬಿಡದೆ ಅವನ್ನು ನೋಡಲು, ಚಿತ್ರ ತೆಗೆದುಕೊಳ್ಳಲು ಸಂಶೋಧಕರಿಗೆ ಅವಕಾಶ ಕೊಡೋಣ. ಹಳಕಟ್ಟಿಯವರಿಗೆ ಅಂದು ಬಾಗಿಲು ತೆರೆದ ಮನೆಗಳಿಂದಲೇ ವಚನಗಳು ಲೋಕಕ್ಕೆ ದೊರೆತವೆಂಬುದನ್ನು ಮರೆಯದಿರೋಣ.

ಇನ್ನೊಂದು ಕಠಿಣವಾದ ಮಾತನ್ನೂ ಹೇಳಲೇಬೇಕು. ಅನ್ನ ಕೊಟ್ಟೆವೆಂದು ಅಭಿಪ್ರಾಯವನ್ನು ಕೊಂಡುಕೊಳ್ಳಬಾರದು. 1989ರಲ್ಲಿ ಕಲಬುರ್ಗಿಯವರ ‘ಮಾರ್ಗ’ ಸಂಪುಟದ ಕೆಲವು ಬರಹಗಳಿಗೆ ಸಮಾಜದ ಒಳಗಿನಿಂದಲೇ ತೀವ್ರ ವಿರೋಧ ಬಂದು, ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಅವರು ಹಂತಕರ ಗುಂಡಿಗೆ ಬಲಿಯಾದುದು ನಾಡಿನ ಮನಸ್ಸಿನಲ್ಲಿ ಮಾಯದ ಗಾಯ. ನಮ್ಮ ಮಕ್ಕಳ ಸಂಶೋಧನೆ ನಮಗೆ ಹಿತವೆನಿಸದ ಸತ್ಯವನ್ನೂ ಹೇಳಬಹುದು. ಒಪ್ಪದಿದ್ದರೆ ಆಧಾರ ಕೇಳೋಣ, ಪ್ರತಿ ಆಧಾರ ಕೊಡೋಣ. ಪ್ರಶ್ನೆಗೆ ಪ್ರಶ್ನೆ, ಮಾತಿಗೆ ಮಾತು, ಇದೇ ಅನುಭವ ಮಂಟಪದ ರೀತಿ. ಬೆದರಿಕೆಗೆ ಅಲ್ಲಿ ಎಡೆಯಿರಲಿಲ್ಲ.

ಮತ್ತೆ ಗಡ್ಡೆಯ ಆ ಮನೆಗೆ ಬರೋಣ. ಮುಂದಿನ ಜಾತ್ರೆಯಲ್ಲಿ ಆ ಹುಡುಗಿ ಎದುರಾದಾಗ ‘ಇನ್ನೂ ಮುಗಿದಿಲ್ಲೇನವ್ವಾ’ ಎಂದು ಕೇಳುವ ಬದಲು “ಈಗ ಏನು ಬರೀಲಿಕ್ಕತ್ತೀಯವ್ವಾ? ನಮಗೂ ಒಂದಿಷ್ಟು ಹೇಳು” ಎಂದು ಕೇಳೋಣ. ಕೇಳಿ, ಎರಡು ನಿಮಿಷ ನಿಂತು ಆಲಿಸೋಣ. ಹೊಳೆ ದಾಟುವ ಶ್ರಮ ಅವಳದೇ; ಅದನ್ನು ನಾವು ಹೊರಲಾರೆವು. ಆದರೆ ದಡದಲ್ಲಿ ತನ್ನವರು ನಿಂತಿದ್ದಾರೆಂಬ ಧೈರ್ಯವನ್ನು ಕೊಡಬಲ್ಲೆವು. ಆ ಧೈರ್ಯವನ್ನು ಕೊಡುವುದು ಪ್ರತಿ ಮನೆಯ ಕರ್ತವ್ಯವೆಂದು ಬಗೆಯೋಣ.